ರಾಜಕುಮಾರ, ಮಾಟ, ಮುನಿಸು: ಯಂಗ್ ಅಡಲ್ಟ್ ಫ್ಯಾಂಟಸಿ ರೊಮ್ಯಾನ್ಸ್ ಓದಲು ಶುರು ಮಾಡುವುದು ಹೇಗೆ

ನನಗೀಗ 41 ವರ್ಷ. ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮೀಡಿಯಂ. ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಬರುವ ನೌಕರಿ. ಹೋದ ವರ್ಷದವರೆಗೂ ರೈಲಿನಲ್ಲಿ ನನ್ನ ಕೈಯಲ್ಲಿ ಇರುತ್ತಿದ್ದದ್ದು ಫೋನು. ಅವರೆಕಾಯಿ ಕಾಲ ಬಂದರೆ ಸುಲಿಯುವುದಕ್ಕೆ ಒಂದು ಚೀಲ ಕಾಯಿ.

ಪಿಯುಸಿ ರಜೆಗೆ ಬಂದಿದ್ದ ಅಕ್ಕನ ಮಗಳು ಒಂದು ದಪ್ಪ ಇಂಗ್ಲಿಷ್ ಪುಸ್ತಕ ನಮ್ಮ ಮನೆಯಲ್ಲಿ ಮರೆತು ಹೋದಳು. ಫೋನ್ ಮಾಡಿದರೆ, ‘ಇಟ್ಟಿರು ಚಿಕ್ಕಮ್ಮ, ಅದು ನಿನಗೆ ಹಿಡಿಸಲ್ಲ’ ಅಂದಳು. ಹಾಗಂದಿದ್ದಕ್ಕೇ ಬ್ಯಾಗಿಗೆ ಹಾಕಿಕೊಂಡೆ. ಎರಡನೇ ದಿನ ಹಿರೇಹಳ್ಳಿ, ದಾಬಸ್‌ಪೇಟೆ ಯಾವಾಗ ಹೋದವೋ ಗೊತ್ತಾಗಲಿಲ್ಲ. ನಾಲ್ಕನೇ ದಿನ ಯಶವಂತಪುರದಲ್ಲಿ ಇಳಿಯಬೇಕಾದವಳು ಮೆಜೆಸ್ಟಿಕ್‌ವರೆಗೆ ಹೋಗಿಬಿಟ್ಟೆ. ಕಥೆಯಲ್ಲಿ ಆ ಹುಡುಗಿ ತನ್ನನ್ನು ಹೀಯಾಳಿಸುವ ರಾಜಕುಮಾರನ ಎದುರಿಗೆ ಕತ್ತಿ ಹಿಡಿದು ನಿಂತಿದ್ದಳು. ನಾನು ಇಳಿಯುವುದಾದರೂ ಹೇಗೆ?

ಆಮೇಲೆ ಬೋಗಿಯ ಗೆಳತಿಯರು ಒಬ್ಬೊಬ್ಬರಾಗಿ ಕೇಳತೊಡಗಿದರು. ಎಲ್ಲಿಂದ ಶುರು ಮಾಡಲಿ, ಇಂಗ್ಲಿಷ್ ಕಷ್ಟವಾ, ಮಗಳಿಗೆ ಕೊಡಬಹುದಾ? ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು: ಇದು ಏನು ಅಂತ ತಿಳಿಯಿರಿ

ಯಂಗ್ ಅಡಲ್ಟ್ ಅನ್ನುವುದು ಪ್ರಕಾಶಕರು ಪುಸ್ತಕಕ್ಕೆ ಅಂಟಿಸುವ ಚೀಟಿ. ಸುಮಾರು 12ರಿಂದ 18 ವಯಸ್ಸಿನ ಓದುಗರನ್ನು ಮನಸ್ಸಿನಲ್ಲಿಟ್ಟು ಬರೆದದ್ದು ಅಂತ ಅರ್ಥ. ನಾಯಕಿಗೆ ಸಾಮಾನ್ಯವಾಗಿ 16, 17 ವರ್ಷ. ಫ್ಯಾಂಟಸಿ ಅಂದರೆ ಮಾಟ, ಮಂತ್ರ, ಬೇರೆಯದೇ ನಿಯಮ ಇರುವ ಲೋಕ. ಅದರೊಳಗೆ ಒಂದು ಪ್ರೇಮಕಥೆ. ಫ್ಯಾಂಟಸಿ, ರೊಮ್ಯಾನ್ಸ್ ಎರಡನ್ನೂ ಸೇರಿಸಿ ಈಗ ‘ರೊಮ್ಯಾಂಟಸಿ’ ಅನ್ನುತ್ತಾರೆ. ಆದರೆ ಆ ಹೆಸರಿನ ಕಪಾಟಿನಲ್ಲಿ ದೊಡ್ಡವರ ಪುಸ್ತಕಗಳೇ ಜಾಸ್ತಿ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

‘ಇದೆಲ್ಲ ಫಾರಿನ್ನಿನವರ ಹುಚ್ಚು’ ಅಂತ ನಮ್ಮ ಮನೆಯವರು ನಕ್ಕರು. ನಾನು ಅವರಿಗೆ ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಜನಪದ ಕಥೆಯೊಂದನ್ನು ನೆನಪಿಸಿದೆ. ಹುಡುಗಿಯೊಬ್ಬಳು ಹೂಬಿಡುವ ಮರವಾಗುತ್ತಾಳೆ. ರಾಜಕುಮಾರ ಅವಳನ್ನು ಮದುವೆಯಾಗುತ್ತಾನೆ. ಅರ್ಧ ಮರವಾಗಿ ಉಳಿದುಹೋದ ಅವಳನ್ನು ಕೊನೆಗೆ ಅವನೇ ಮತ್ತೆ ಮನುಷ್ಯಳನ್ನಾಗಿ ಮಾಡಬೇಕಾಗುತ್ತದೆ. ಗಿರೀಶ ಕಾರ್ನಾಡರ 1988ರ ‘ನಾಗಮಂಡಲ’ದಲ್ಲಿ ರಾತ್ರಿ ಹೊತ್ತು ಗಂಡನ ರೂಪದಲ್ಲಿ ಹಾವು ಬರುತ್ತದೆ. ಇವು ಫ್ಯಾಂಟಸಿ ರೊಮ್ಯಾನ್ಸ್ ಅಲ್ಲದೆ ಇನ್ನೇನು? 1949ರಲ್ಲಿ ಶುರುವಾದ ಕನ್ನಡ ‘ಚಂದಮಾಮ’ವನ್ನು ಕಿತ್ತಾಡಿಕೊಂಡು ಓದಿದವರಿಗೆ ಈ ರುಚಿ ಹೊಸದಲ್ಲ. ಬಹಳ ದಿನ ತಿಂದಿರಲಿಲ್ಲ, ಅಷ್ಟೇ.

ಎರಡನೆಯದು: ನಿಮಗೆ ಯಾವ ಬಗೆ ಹಿಡಿಸುತ್ತದೆ ನೋಡಿ

ಈ ಪುಸ್ತಕ ಓದುವ ಹುಡುಗಿಯರು ಕಥೆಯ ಹೆಸರು ಹೇಳುವ ಮೊದಲು ‘ಟ್ರೋಪ್’ ಹೇಳುತ್ತಾರೆ. ಟ್ರೋಪ್ ಅಂದರೆ ಮತ್ತೆ ಮತ್ತೆ ಬರುವ ಕಥೆಯ ಅಚ್ಚು. ಇದನ್ನು ಕಲಿತರೆ ಪುಸ್ತಕ ಆರಿಸುವುದು ಸುಲಭ.

‘ಎನಿಮೀಸ್ ಟು ಲವರ್ಸ್’ ನಮಗೆ ಚೆನ್ನಾಗಿ ಗೊತ್ತಿರುವುದೇ. ಇಂಟರ್‌ವಲ್‌ವರೆಗೆ ಜಗಳ, ಆಮೇಲೆ ಡ್ಯುಯೆಟ್. ಸಿನಿಮಾದಲ್ಲಿ ಜಗಳ ಬೈಕಿಗೋ ಕಾಲೇಜಿನ ಎಲೆಕ್ಷನ್ನಿಗೋ ಆಗುತ್ತದೆ. ಇಲ್ಲಿ ಸಿಂಹಾಸನಕ್ಕೆ. ‘ಸ್ಲೋ ಬರ್ನ್’ ಅಂದರೆ ಸಣ್ಣ ಉರಿಯಲ್ಲಿ ಬೇಯುವ ಪ್ರೀತಿ. 300 ಪುಟ ಆದ ಮೇಲೆ ಕೈ ತಾಗುತ್ತದೆ. ಅಷ್ಟಕ್ಕೇ ಓದುವವಳ ಎದೆ ಹೊಡೆದುಕೊಳ್ಳುತ್ತದೆ. ‘ಲವ್ ಟ್ರೈಯಾಂಗಲ್’ನಲ್ಲಿ ಇಬ್ಬರು ಹುಡುಗರು, ಒಬ್ಬಳು ಹುಡುಗಿ. ನನಗೆ ಇದರಲ್ಲಿ ತಾಳ್ಮೆ ಇಲ್ಲ. ಯಾರನ್ನು ಆರಿಸುತ್ತಾಳೆ ಅಂತ 50ನೇ ಪುಟಕ್ಕೇ ಗೊತ್ತಾಗಿರುತ್ತದೆ, ಅವಳಿಗೆ ಮಾತ್ರ ಗೊತ್ತಾಗಿರುವುದಿಲ್ಲ. ‘ಮಾರಲಿ ಗ್ರೇ’ ಅಂದರೆ ಪೂರ್ತಿ ಒಳ್ಳೆಯವನೂ ಅಲ್ಲದ, ಪೂರ್ತಿ ಕೆಟ್ಟವನೂ ಅಲ್ಲದ ನಾಯಕ. ‘ಫೌಂಡ್ ಫ್ಯಾಮಿಲಿ’ ಅಂದರೆ ರಕ್ತಸಂಬಂಧ ಇಲ್ಲದೆ ಸೇರಿಕೊಂಡ ಮನೆಮಂದಿ. ಇದೊಂದು ಅಚ್ಚು ನನ್ನನ್ನು ಪ್ರತಿ ಸಲ ಅಳಿಸುತ್ತದೆ.

ನೀವು ಇಷ್ಟಪಟ್ಟ ಸಿನಿಮಾ, ಧಾರಾವಾಹಿ ಮೂರನ್ನು ಬರೆದುಕೊಳ್ಳಿ. ಅವುಗಳಲ್ಲಿ ಯಾವ ಅಚ್ಚು ಇದೆ ನೋಡಿ. ಅದೇ ಹೆಸರು ಹಾಕಿ, ಜೊತೆಗೆ ‘ವೈಎ ಫ್ಯಾಂಟಸಿ’ (ವೈಎ ಅಂದರೆ ಯಂಗ್ ಅಡಲ್ಟ್) ಅಂತ ಸೇರಿಸಿ ಹುಡುಕಿದರೆ ಪಟ್ಟಿಗಳು ಬರುತ್ತವೆ. 2020ರಲ್ಲಿ ನಮ್ಮಲ್ಲಿ ಟಿಕ್‌ಟಾಕ್ ನಿಂತ ಮೇಲೆ ಪುಸ್ತಕದ ಮಾತೆಲ್ಲ ಇನ್‌ಸ್ಟಾಗ್ರಾಂ ರೀಲ್ಸ್‌ನಲ್ಲೂ ಯೂಟ್ಯೂಬ್‌ನಲ್ಲೂ ನಡೆಯುತ್ತಿದೆ. ಒಂದು ಎಚ್ಚರಿಕೆ. ರೀಲ್ಸ್‌ನಲ್ಲಿ ಅತ್ತು ತೋರಿಸಿದವರ ಮಾತು ನಂಬಿ ಪುಸ್ತಕ ಕೊಳ್ಳಬೇಡಿ. ನಾನು ಎರಡು ಸಲ ಕೊಂಡೆ. ಎರಡೂ ಈಗ ಟಿವಿ ಸ್ಟ್ಯಾಂಡಿನ ಕಾಲಿನ ಕೆಳಗಿವೆ.

‘ಫೇ’ ಅಂದರೆ ಯಾರು?

ಇದು ಗೊತ್ತಿಲ್ಲದೆ ಹೋದರೆ ಅರ್ಧ ಪುಸ್ತಕಗಳು ಅರ್ಥವಾಗುವುದಿಲ್ಲ. ಹಾಗಾಗಿ ಸ್ವಲ್ಪ ನಿಲ್ಲೋಣ.

ಫೇ ಅಂದರೆ ರೆಕ್ಕೆ ಕಟ್ಟಿಕೊಂಡ ಪುಟ್ಟ ಕಿನ್ನರಿಯಲ್ಲ. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಹಳ್ಳಿಯವರು ನಂಬುತ್ತಿದ್ದ ಒಂದು ಜನ. ಚೆಂದ ಇರುತ್ತಾರೆ, ಅಪಾಯವೂ ಹೌದು. ಗುಡ್ಡದ ಒಳಗೆ ಅವರ ಊರು. ಅವರು ಕೊಟ್ಟ ಊಟ ತಿಂದರೆ ವಾಪಸ್ ಬರುವುದಕ್ಕಾಗುವುದಿಲ್ಲ. ಕಾದಂಬರಿಗಳಲ್ಲಿ ಇನ್ನೊಂದು ನಿಯಮವೂ ಇರುತ್ತದೆ: ಅವರು ಸುಳ್ಳು ಹೇಳಲಾರರು. ಆದರೆ ನಿಜವನ್ನೇ ತಿರುಚಿ ನಿಮ್ಮನ್ನು ಬಲೆಗೆ ಬೀಳಿಸುತ್ತಾರೆ. ಕೊಟ್ಟ ಮಾತಿನ ಅಕ್ಷರಕ್ಕೆ ಕಟ್ಟುಬಿದ್ದಿರುತ್ತಾರೆ. ಕಬ್ಬಿಣ ಕಂಡರೆ ಅವರಿಗೆ ಆಗುವುದಿಲ್ಲ.

ಕಬ್ಬಿಣದ ವಿಷಯ ಓದಿದಾಗ ನಾನು ಪುಸ್ತಕ ಮಡಚಿ ಕಿಟಕಿಯಾಚೆ ನೋಡುತ್ತಾ ಕೂತೆ. ನಮ್ಮಜ್ಜಿ ಬಾಣಂತಿಯ ಹಾಸಿಗೆಯ ಕೆಳಗೆ ಕುಡುಗೋಲು ಇಡುತ್ತಿದ್ದರು. ಗಾಳಿ ಸೋಕಬಾರದು ಅಂತ. ಮಾತಿನ ಅಕ್ಷರಕ್ಕೆ ಕಟ್ಟುಬೀಳುವುದು ಅಂದರೆ, ನಾವು ಚಿಕ್ಕವರಿದ್ದಾಗ ಬೀದಿಯ ಬಾಗಿಲುಗಳ ಮೇಲೆಲ್ಲ ‘ನಾಳೆ ಬಾ’ ಅಂತ ಬರೆದಿರುತ್ತಿದ್ದರಲ್ಲ, ಅದೇ. ದೆವ್ವ ಬಂದು ಓದಿ, ಮಾತಿಗೆ ಮರ್ಯಾದೆ ಕೊಟ್ಟು ವಾಪಸ್ ಹೋಗಬೇಕು. ಆ ಕಡೆಯ ಹಳ್ಳಿಯವರು ಫೇಗಳನ್ನು ಹೆಸರು ಹಿಡಿದು ಕರೆಯಲು ಹೆದರಿ ‘ಒಳ್ಳೆಯ ಜನ’ ಅನ್ನುತ್ತಿದ್ದರಂತೆ. ನಮ್ಮೂರಲ್ಲಿ ರಾತ್ರಿ ಹೊತ್ತು ಹಾವಿಗೆ ‘ಹುಳ’ ಅನ್ನುತ್ತೇವೆ.

ಹಾಗಾಗಿ ಫೇ ಲೋಕದ ಕಥೆ ಓದುವಾಗ ನಿಮ್ಮ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನೆನಪಿನಲ್ಲಾದರೂ ಸರಿ. ಯಾವ ಡಿಕ್ಷನರಿಗಿಂತಲೂ ಜಾಸ್ತಿ ಉಪಯೋಗಕ್ಕೆ ಬರುತ್ತಾರೆ.

ಮೂರನೆಯದು: ಮೊದಲ ಪುಸ್ತಕ

ಸಾವಿರ ಪುಟದ ಸರಣಿಗೆ ಮೊದಲೇ ಕೈ ಹಾಕಬೇಡಿ. ನಾನು ಮೂರು ಹೆಸರು ಹೇಳುತ್ತೇನೆ.

ಇಂಗ್ಲಿಷ್ ಓದಿ ಅಭ್ಯಾಸ ಇಲ್ಲದವರಿಗೆ ಡಯಾನಾ ವಿನ್ ಜೋನ್ಸ್ ಬರೆದ ‘ಹೌಲ್ಸ್ ಮೂವಿಂಗ್ ಕ್ಯಾಸಲ್’, 1986ರದ್ದು. ಟೋಪಿ ಅಂಗಡಿಯ ಹುಡುಗಿಯೊಬ್ಬಳು ಮಾಟಗಾತಿಯ ಶಾಪದಿಂದ ನಿಂತ ನಿಲುವಿನಲ್ಲೇ ಮುದುಕಿಯಾಗುತ್ತಾಳೆ. ನಡೆದಾಡುವ ಕೋಟೆಯಲ್ಲಿರುವ, ಸದಾ ಕನ್ನಡಿ ಮುಂದೆ ನಿಲ್ಲುವ ಮಾಂತ್ರಿಕನ ಮನೆಗೆ ಕೆಲಸಕ್ಕೆ ಸೇರುತ್ತಾಳೆ. ಪ್ರೀತಿ ಇದೆ, ಆದರೆ ಬೈಗುಳದ ಕೆಳಗೆ ಅವಿತುಕೊಂಡಿದೆ. ಮುದುಕಿಯಾದ ಮೇಲೆ ಅವಳಿಗೆ ಬರುವ ಧೈರ್ಯ ನೋಡಬೇಕು. ಯಾರಿಗೂ ಹೆದರದೆ ಬೈಯುತ್ತಾಳೆ. ನಲವತ್ತು ದಾಟಿದವರಿಗೆ ಈ ಭಾಗ ಹುಡುಗಿಯರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ಜಗಳದ ಪ್ರೀತಿ ಬೇಕಾದವರಿಗೆ ಹಾಲಿ ಬ್ಲ್ಯಾಕ್ ಅವರ ‘ದಿ ಕ್ರೂಯಲ್ ಪ್ರಿನ್ಸ್’, 2018. ನನ್ನ ನಿಲ್ದಾಣ ತಪ್ಪಿಸಿದ ಪುಸ್ತಕ ಇದೇ. ಫೇಗಳ ನಡುವೆ ಬೆಳೆದ ಮನುಷ್ಯರ ಹುಡುಗಿ ಜೂಡ್. ಅವಳಿಗೆ ಮಾಟ ಬರುವುದಿಲ್ಲ. ಅವಳ ಹತ್ತಿರ ಇರುವುದು ಹಟ, ಮತ್ತು ಅವರಿಗೆ ಆಗದ ಒಂದು ವಿದ್ಯೆ: ಸುಳ್ಳು ಹೇಳುವುದು. ಮೂರು ಭಾಗ.

ನಮ್ಮ ಪುರಾಣದ ವಾಸನೆ ಬೇಕು ಅನ್ನುವವರಿಗೆ ರೋಶನಿ ಚೋಕ್ಷಿಯವರ 2016ರ ‘ದಿ ಸ್ಟಾರ್-ಟಚ್ಡ್ ಕ್ವೀನ್’. ಇದರ ನಾಯಕಿ ರಾಜಕುಮಾರಿ ಮಾಯಾ. ಅವಳ ಜಾತಕದಲ್ಲಿ ದೋಷ. ಸಾವಿನ ಜೊತೆ ಮದುವೆ ಅಂತ ಬರೆದಿದೆ. ಅರಮನೆಯ ಹೆಂಗಸರೆಲ್ಲ ಅವಳನ್ನು ಕಂಡರೆ ದೂರ ಸರಿಯುತ್ತಾರೆ. ಜಾತಕ ಹಿಡಿದು ಮನೆಮನೆ ಅಲೆದ ಯಾವ ಹುಡುಗಿಗೂ ಈ ಶುರು ಬಿಡಿಸಿ ಹೇಳಬೇಕಾಗಿಲ್ಲ. ಭಾಷೆ ಮಾತ್ರ ಸ್ವಲ್ಪ ಅಲಂಕಾರ ಜಾಸ್ತಿ. ಇದನ್ನು ಮೊದಲನೆಯದಾಗಿ ಬೇಡ, ಮೂರನೆಯದಾಗಿ ಇಟ್ಟುಕೊಳ್ಳಿ.

ನಾಲ್ಕನೆಯದು: ಖಾರ ಎಷ್ಟು ಅಂತ ಕೇಳಿ

ಮಗಳಿಗೋ ತಂಗಿಗೋ ಕೊಡುವವರು ಇದನ್ನು ತಪ್ಪದೆ ಓದಿ.

ಪುಸ್ತಕದಲ್ಲಿ ಹಾಸಿಗೆಯ ದೃಶ್ಯ ಎಷ್ಟಿದೆ ಅನ್ನುವುದನ್ನು ಓದುಗರು ‘ಸ್ಪೈಸ್’ ಅನ್ನುತ್ತಾರೆ. ಮೆಣಸಿನಕಾಯಿ ಚಿತ್ರ ಹಾಕಿ ಒಂದು, ಎರಡು, ಐದು ಅಂತ ಅಂಕ ಕೊಡುತ್ತಾರೆ. ಯಂಗ್ ಅಡಲ್ಟ್‌ನಲ್ಲಿ ಸಾಮಾನ್ಯವಾಗಿ ಒಂದು ಮುತ್ತಿನಲ್ಲೇ ನಿಲ್ಲುತ್ತದೆ. ಮುಂದೆ ಹೋದರೂ ಬಾಗಿಲು ಮುಚ್ಚಿಕೊಳ್ಳುತ್ತದೆ. ಆದರೆ ರಟ್ಟು ನೋಡಿ ಹೇಳುವುದಕ್ಕಾಗುವುದಿಲ್ಲ. ಕೆಲವು ಬ್ಯಾಡಗಿಯ ಹಾಗೆ, ಬಣ್ಣ ಕೆಂಪು, ಖಾರ ಇಲ್ಲ. ಕೆಲವದರ ಮೇಲೆ ಮುದ್ದಾದ ಹೂವು, ಒಳಗೆ ಗುಂಟೂರು.

ಗೊಂದಲಕ್ಕೆ ಕಾರಣವೂ ಇದೆ. ಸಾರಾ ಜೆ. ಮಾಸ್ ಅವರ ‘ಎ ಕೋರ್ಟ್ ಆಫ್ ಥಾರ್ನ್ಸ್ ಆ್ಯಂಡ್ ರೋಸಸ್’ 2015ರಲ್ಲಿ ಬಂದಾಗ ಯಂಗ್ ಅಡಲ್ಟ್ ಕಪಾಟಿನಲ್ಲಿತ್ತು. 2020ರಲ್ಲಿ ಹೊಸ ರಟ್ಟು ಹಾಕಿ ದೊಡ್ಡವರ ಕಪಾಟಿಗೆ ಸರಿಸಿದರು. ಹಳೆಯ ಪಟ್ಟಿಗಳಲ್ಲಿ ಅದು ಇನ್ನೂ ಮಕ್ಕಳ ಪುಸ್ತಕದ ಪಕ್ಕದಲ್ಲಿ ಕೂತಿರುತ್ತದೆ. ರೆಬೆಕಾ ಯಾರೋಸ್ ಅವರ ‘ಫೋರ್ತ್ ವಿಂಗ್’ನಲ್ಲಿ ಡ್ರ್ಯಾಗನ್ ಇದೆ, ಕಾಲೇಜು ಇದೆ. ಆದರೂ ಅದು ದೊಡ್ಡವರಿಗೇ ಬರೆದದ್ದು. ಗುಡ್‌ರೀಡ್ಸ್‌ನಲ್ಲೋ ಸ್ಟೋರಿಗ್ರಾಫ್‌ನಲ್ಲೋ ಪುಸ್ತಕದ ಹೆಸರು ಹಾಕಿ ಎರಡು ನಿಮಿಷ ನೋಡಿ. ಎರಡೂ ಓದುಗರು ಪುಸ್ತಕಗಳ ಬಗ್ಗೆ ಅಭಿಪ್ರಾಯ ಬರೆಯುವ ಜಾಲತಾಣಗಳು. ಸ್ಟೋರಿಗ್ರಾಫ್‌ನಲ್ಲಿ ಹಿಂಸೆ, ಸಾವು ಇತ್ಯಾದಿ ಏನೇನಿದೆ ಅಂತ ಓದಿದವರೇ ಗುರುತು ಹಾಕಿರುತ್ತಾರೆ.

ನನಗೆ ಮುತ್ತಿಗಿಂತ ಚಿಂತೆ ಬೇರೆಯದು. ಕೆಲವು ನಾಯಕರು ಹುಡುಗಿ ಮಲಗಿರುವಾಗ ಕಿಟಕಿಯಿಂದ ಬಂದು ನೋಡುತ್ತಾ ನಿಲ್ಲುತ್ತಾರೆ. ಯಾರ ಜೊತೆ ಮಾತಾಡಬೇಕು ಅಂತ ಅವರೇ ತೀರ್ಮಾನಿಸುತ್ತಾರೆ. ಪುಸ್ತಕ ಅದನ್ನು ಪ್ರೀತಿ ಅನ್ನುತ್ತದೆ. ಇನ್ನು ನಾಯಕನಿಗೆ ಐನೂರು ವರ್ಷ, ನಾಯಕಿಗೆ 17! ನಮ್ಮ ಬೀದಿಯಲ್ಲಾದರೆ ಸುಮ್ನೆ ಬಿಡುತ್ತಿದ್ದೆವಾ? ಅಕ್ಕನ ಮಗಳ ಹತ್ತಿರ ಈ ಮಾತು ತೆಗೆದೆ. ‘ಅವನು ನಿಜವಾಗಿ ಇದ್ದಿದ್ದರೆ ಪೊಲೀಸರಿಗೆ ಹೇಳ್ತಿದ್ದೆ ಚಿಕ್ಕಮ್ಮ, ಪುಸ್ತಕದಲ್ಲಿ ಇರೋದ್ರಿಂದ ಬಿಟ್ಟಿದ್ದೀನಿ’ ಅಂದಳು. ಪುಸ್ತಕ ಕಿತ್ತಿಟ್ಟಿದ್ದರೆ ಈ ಮಾತು ನಮ್ಮಿಬ್ಬರ ನಡುವೆ ಬರುತ್ತಲೇ ಇರಲಿಲ್ಲ.

ಐದನೆಯದು: ಪುಸ್ತಕ ಎಲ್ಲಿಂದ?

ದುಡ್ಡು ಕೊಡುವ ಮೊದಲು ರುಚಿ ನೋಡಿ. ಫೋನಿನಲ್ಲಿ ಇ-ಪುಸ್ತಕ ಓದುವ ಕಿಂಡಲ್ ಆ್ಯಪ್ ಹಾಕಿಕೊಂಡರೆ ಬಹಳಷ್ಟು ಪುಸ್ತಕಗಳ ಮೊದಲ ಭಾಗ ಪುಕ್ಕಟೆ ಸಿಗುತ್ತದೆ. ಕಿಂಡಲ್ ಮಷೀನು ಬೇಕಾಗಿಲ್ಲ. ತುಮಕೂರಿನಿಂದ ಕ್ಯಾತಸಂದ್ರ ಬರುವಷ್ಟರಲ್ಲಿ ನಿಮಗೆ ಹಿಡಿಸಿತೋ ಇಲ್ಲವೋ ಗೊತ್ತಾಗುತ್ತದೆ.

ಹಳೆಯ ಕಥೆಗಳು ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಲ್ಲಿ ಉಚಿತ. ಆ್ಯಂಡ್ರೂ ಲ್ಯಾಂಗ್ ಸಂಪಾದಿಸಿದ 1889ರ ‘ದಿ ಬ್ಲೂ ಫೇರಿ ಬುಕ್’ ಅಲ್ಲಿದೆ. ಅದರಲ್ಲಿ ‘ಬ್ಯೂಟಿ ಆ್ಯಂಡ್ ದಿ ಬೀಸ್ಟ್’ ಓದಿಕೊಳ್ಳಿ. ಫ್ರೆಂಚ್‌ನಲ್ಲಿ 1740ರಲ್ಲಿ ಅಚ್ಚಾದ ಕಥೆ ಅದು. ಈಗಿನ ಎಷ್ಟೋ ಕಾದಂಬರಿಗಳ ತಾಯಿಬೇರು ಅಲ್ಲೇ ಇದೆ. ಊರಿನ ಸರ್ಕಾರಿ ಗ್ರಂಥಾಲಯಕ್ಕೆ ಹೋಗುವುದಾದರೆ ಹೊಸ ಇಂಗ್ಲಿಷ್ ಕಾದಂಬರಿ ಹುಡುಕುವ ಬದಲು ಜನಪದ ಕಥೆಗಳ ಸಂಗ್ರಹ ಕೇಳಿ. ಎರಡನ್ನೂ ಒಟ್ಟೊಟ್ಟಿಗೆ ಓದಿದರೆ ಮಜಾ ಬೇರೆ.

ಅಂಗಡಿಯಲ್ಲಿ ಮುಟ್ಟಿ ನೋಡಿ ಕೊಳ್ಳಬೇಕು ಅನ್ನುವವರು ಒಂದು ಶನಿವಾರ ಬೆಂಗಳೂರಿನ ಚರ್ಚ್ ಸ್ಟ್ರೀಟಿಗೆ ಹೋಗಿ. ಬ್ಲಾಸಮ್, ಬುಕ್‌ವರ್ಮ್ ಎರಡೂ ಅಲ್ಲೇ ಇವೆ. ಹೊಸದೂ ಸಿಗುತ್ತದೆ, ಸೆಕೆಂಡ್ ಹ್ಯಾಂಡೂ ಸಿಗುತ್ತದೆ. ಬಸ್ಸಿನಲ್ಲಿ ಹೋಗುವವರು ಮಾದಾವರದಲ್ಲಿ ಇಳಿದು ಹಸಿರು ಲೈನ್ ಮೆಟ್ರೋ ಹಿಡಿಯಿರಿ. 2024ರ ನವೆಂಬರಿನಿಂದ ಅಲ್ಲಿವರೆಗೂ ಮೆಟ್ರೋ ಬಂದಿದೆ. ಮೆಜೆಸ್ಟಿಕ್‌ನಲ್ಲಿ ನೇರಳೆ ಲೈನಿಗೆ ಬದಲಾಯಿಸಿ ಎಂ.ಜಿ. ರೋಡಿನಲ್ಲಿ ಇಳಿದರೆ ಚರ್ಚ್ ಸ್ಟ್ರೀಟ್ ಪಕ್ಕದಲ್ಲೇ.

ಫುಟ್‌ಪಾತಿನ ಅಗ್ಗದ ಪ್ರತಿ ನೋಡಿ ಆಸೆ ಬೀಳಬೇಡಿ. ನಾನು ಬಿದ್ದೆ. ಜೂಡ್ ಕಥೆಯ ಎರಡನೇ ಭಾಗ, 150 ರೂಪಾಯಿ. ಪುಸ್ತಕದ ಹಾಳೆಗಳು 16 ಪುಟಕ್ಕೋ 32 ಪುಟಕ್ಕೋ ಒಂದು ಫಾರಂ ಅಂತ ಸೇರಿರುತ್ತವೆ. ನನ್ನ ಪ್ರತಿಯಲ್ಲಿ ಒಂದು ಫಾರಂ ಇರಲೇ ಇಲ್ಲ. ಅದರ ಬದಲು ಹಿಂದಿನದೇ ಇನ್ನೊಂದು ಸಲ ಇತ್ತು. ಅವರಿಬ್ಬರ ನಡುವೆ ಏನೋ ಆಗುವ ಅಧ್ಯಾಯ ಬೇರೆ! ಸೋಲದೇವನಹಳ್ಳಿಯಲ್ಲಿ ರೈಲು ನಿಂತಿತ್ತು, ನನಗೆ ಅಳು ಬಂದಿತ್ತು. ಕಳ್ಳ ಪ್ರತಿಯನ್ನು ಗುರುತಿಸುವುದು ಸುಲಭ. ಕಾಗದ ತೆಳು, ಹಿಂದಿನ ಪುಟದ ಅಕ್ಷರ ಕಾಣುತ್ತದೆ. ಅಂಚು ಸೊಟ್ಟ. ರಟ್ಟಿನ ಚಿತ್ರ ಮಂಕು. ಟೆಲಿಗ್ರಾಂ ಗುಂಪಿನ ಪಿಡಿಎಫ್ ಕೂಡ ಅದೇ ಜಾತಿ. ಬರೆದವರಿಗೆ ಒಂದು ಪೈಸೆ ಹೋಗುವುದಿಲ್ಲ.

ಆರನೆಯದು: ಇಂಗ್ಲಿಷ್ ಭಯ

ಕನ್ನಡ ಮೀಡಿಯಂನವರಿಗೆ ನಿಜವಾದ ಗೋಡೆ ಇದು. ನಾನು ಹತ್ತಿದ ದಾರಿ ಹೇಳುತ್ತೇನೆ.

ಮೊದಲ 50 ಪುಟ ಎಲ್ಲರಿಗೂ ಮಂಜು. ಇಂಗ್ಲಿಷ್ ಹೆತ್ತಮ್ಮನಿಂದ ಕಲಿತವರಿಗೂ ಅಷ್ಟೇ. ಲೋಕ ಹೊಸದು, ಹೆಸರು ಹೊಸದು. ನನಗೆ ಅರ್ಥವಾಗದ ಪದ ಡಿಕ್ಷನರಿಯಲ್ಲಿ ಹುಡುಕಿದರೆ ಎಷ್ಟೋ ಸಲ ಅಲ್ಲೂ ಇರಲಿಲ್ಲ. ಯಾಕೆಂದರೆ ಅದನ್ನು ಬರೆದವರೇ ಹುಟ್ಟಿಸಿದ್ದು! ಅದು ಗೊತ್ತಾದ ದಿನ ನನ್ನ ಅರ್ಧ ಭಯ ಹೋಯಿತು. ಹಾಗಾಗಿ ಪದಕ್ಕೊಂದು ಸಲ ನಿಲ್ಲಬೇಡಿ. ಪುಟದಲ್ಲಿ ಯಾರು, ಎಲ್ಲಿ, ಏನು ಬೇಕು ಅವಳಿಗೆ, ಇಷ್ಟು ಗೊತ್ತಾದರೆ ಮುಂದೆ ಹೋಗಿ. ಒಂದೇ ಪದ ಮೂರು ಸಲ ಎದುರಾದರೆ ಆಗ ಅರ್ಥ ನೋಡಿ. ಕಿಂಡಲ್‌ನಲ್ಲಾದರೆ ಪದದ ಮೇಲೆ ಬೆರಳು ಒತ್ತಿ ಹಿಡಿದರೆ ಸಾಕು.

ಹೆಸರುಗಳನ್ನು ನಿಮಗೆ ಬಂದ ಹಾಗೆ ಓದಿಕೊಳ್ಳಿ. ಫೇಗಳಿಗೆ ಐರಿಷ್ ಭಾಷೆಯ ಹಳೆಯ ಪದ ಒಂದಿದೆ. ನಾನು ತಿಂಗಳುಗಟ್ಟಲೆ ಅದನ್ನು ‘ಸಿಧೆ’ ಅಂತ ಓದಿದೆ. ಅದು ‘ಶೀ’ ಅಂತೆ. ಕಥೆಗೇನೂ ನಷ್ಟವಾಗಲಿಲ್ಲ.

ಒಂದು ಚೀಟಿ ಮಾಡಿ. ನನ್ನದು ಹಳೆಯ ಕ್ಯಾಲೆಂಡರಿನ ಹಿಂಬದಿ. ರಾಜ, ಅವನ ಮಕ್ಕಳು, ಯಾರು ಯಾರ ಕಡೆ, ಯಾರು ಯಾರಿಗೆ ಮಾತು ಕೊಟ್ಟಿದ್ದಾರೆ. ಈ ಕೊನೆಯದು ಮುಖ್ಯ. ಕೊಟ್ಟ ಮಾತು ಕಡೆಗೆ ಯಾರದೋ ಕುತ್ತಿಗೆಗೆ ಬರುತ್ತದೆ. ಪುಸ್ತಕದ ಮೊದಲಲ್ಲಿ ನಕ್ಷೆ ಇದ್ದರೆ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಹಿಂದಕ್ಕೂ ಮುಂದಕ್ಕೂ ಪುಟ ತಿರುವುವ ಕಷ್ಟ ತಪ್ಪುತ್ತದೆ.

ಲೆಕ್ಕ ಹೀಗೆ. ಹೋಗುವಾಗ 20 ಪುಟ, ಬರುವಾಗ 20 ಪುಟ. 400 ಪುಟದ ಪುಸ್ತಕ ಹತ್ತು ಕೆಲಸದ ದಿನಕ್ಕೆ ಮುಗಿಯುತ್ತದೆ. ನನಗೆ ಮೊದಲನೆಯದಕ್ಕೆ ಒಂದು ತಿಂಗಳು ಹಿಡಿಯಿತು. ನಾಲ್ಕನೆಯದಕ್ಕೆ ಒಂದು ವಾರ. ಸೀಟು ಸಿಗದ ದಿನ ನಿಂತುಕೊಂಡು ದಪ್ಪ ಪುಸ್ತಕ ಹಿಡಿಯುವುದು ಆಗದ ಮಾತು. ಅವತ್ತು ಆಡಿಯೋ ಪುಸ್ತಕ ಕೇಳಿ. ಕಣ್ಣಲ್ಲಿ ಒಂದು ಸಲ ಓದಿದ ಅಧ್ಯಾಯವನ್ನೇ ಕಿವಿಯಲ್ಲಿ ಕೇಳಿದರೆ ಉಚ್ಚಾರಣೆಯೂ ಕೂತುಕೊಳ್ಳುತ್ತದೆ.

100 ಪುಟ ಆದರೂ ಹಿಡಿಸಲಿಲ್ಲವೇ? ಬಿಟ್ಟುಬಿಡಿ. ಇದಕ್ಕೆ ‘ಡಿಎನ್ಎಫ್’ ಅಂತ ಹೆಸರೇ ಇದೆ, ಮುಗಿಸಲಿಲ್ಲ ಅಂತ. ಯಾರೂ ಪರೀಕ್ಷೆ ಇಟ್ಟಿಲ್ಲ.

ಏಳನೆಯದು: ಸರಣಿಯ ಕ್ರಮ

ಬಹಳಷ್ಟು ಸರಣಿಗಳೇ. ‘ಥ್ರೋನ್ ಆಫ್ ಗ್ಲಾಸ್’ ಒಂದರಲ್ಲೇ 2012ರಿಂದ 2018ರವರೆಗೆ ಬಂದ ಏಳು ಕಾದಂಬರಿ, ಮೇಲೆ ಒಂದು ಕಿರುಕಥೆಗಳ ಸಂಪುಟ. ರಟ್ಟಿನ ಮೇಲೆ ಎಷ್ಟನೇ ಭಾಗ ಅಂತ ದೊಡ್ಡದಾಗಿ ಬರೆಯುವುದಿಲ್ಲ. ಆರ್ಡರ್ ಮಾಡುವ ಮೊದಲು ಸರಣಿಯ ಪಟ್ಟಿ ನೋಡಿಕೊಳ್ಳಿ. ಮೂರನೇ ಭಾಗ ಮೊದಲು ಓದಿ, ಯಾರು ಸತ್ತರು ಅಂತ ತಿಳಿದುಕೊಂಡು ಹಿಂದಕ್ಕೆ ಬಂದವಳು ಹೇಳುತ್ತಿದ್ದೇನೆ. ಸರಣಿ ಪೂರ್ತಿ ಬಂದಿದೆಯಾ ಅಂತಲೂ ನೋಡಿ. ಬಂದಿಲ್ಲದಿದ್ದರೆ ಕೊನೆಯ ಪುಟದಲ್ಲಿ ನಿಮ್ಮನ್ನು ಬಂಡೆಯ ತುದಿಯಲ್ಲಿ ನಿಲ್ಲಿಸಿ ಎರಡು ವರ್ಷ ಕಾಯಿಸುತ್ತಾರೆ.

ಕೊನೆಯದು: ಜೊತೆಗೆ ಒಬ್ಬರು

ಈ ಪುಸ್ತಕ ಓದಿದ ಮೇಲೆ ಯಾರಿಗಾದರೂ ಹೇಳದೆ ಇರಲಾಗುವುದಿಲ್ಲ. ನಮ್ಮ ಬೋಗಿಯಲ್ಲಿ ಈಗ ನಾಲ್ಕು ಜನ ಇದ್ದೇವೆ. ಒಂದೇ ಪುಸ್ತಕ ಕೈಯಿಂದ ಕೈಗೆ ಹೋಗುತ್ತದೆ. ನಿಯಮ ಒಂದೇ: ಹಿಂದಿರುವವಳು ಎಲ್ಲಿದ್ದಾಳೆ ಅಂತ ಕೇಳದೆ ಬಾಯಿ ಬಿಡಬಾರದು. ಒಬ್ಬಳು ಗೊಲ್ಲಹಳ್ಳಿ ಹತ್ತಿರ ಕಥೆ ಬಿಚ್ಚಿಟ್ಟು, ಇಡೀ ವಾರ ಯಾರ ಜೊತೆಯೂ ತಿಂಡಿ ಹಂಚಿಕೊಳ್ಳುವ ಭಾಗ್ಯ ಇಲ್ಲದೆ ಕೂತಿದ್ದಳು.

ಒಂದು ಭಾನುವಾರ ನಾವು ನಾಲ್ವರೂ ದೇವರಾಯನದುರ್ಗಕ್ಕೆ ಹೋದೆವು. ನಾಮದ ಚಿಲುಮೆಯ ಹತ್ತಿರ ಬಂಡೆಯಲ್ಲಿ ನೀರು ಬರುತ್ತಿತ್ತು. ರಾಮ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಬಾಣ ಬಿಟ್ಟು ತರಿಸಿದ್ದು ಅನ್ನುತ್ತಾರೆ. ‘ಇದು ಇಂಗ್ಲಿಷ್ ಪುಸ್ತಕದಲ್ಲಿ ಇದ್ದಿದ್ದರೆ ಈ ನೀರು ಕುಡಿಯೋ ಮೊದಲು ಮೂರು ಸಲ ಯೋಚಿಸ್ತಿದ್ವಿ’ ಅಂದಳು ಒಬ್ಬಳು. ನಾವು ಕುಡಿದೆವು. ಬರುತ್ತಾ ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದೆವು.

ಜೂಡ್ ಕಥೆಯ ಮೂರನೇ ಭಾಗವನ್ನು ಅಕ್ಕನ ಮಗಳೇ ಕೊಟ್ಟಳು. ಅದು ಜನವರಿ. ಸಂಕ್ರಾಂತಿ ಮುಗಿದ ಮೇಲೆ ವಾಪಸ್ ಕೊಟ್ಟಾಗ ಅವಳು ಪುಟ ತೆಗೆದು ಮೂಗಿನ ಹತ್ತಿರ ಹಿಡಿದಳು. ‘ಚಿಕ್ಕಮ್ಮ, 180ನೇ ಪುಟದಿಂದ ಪೂರ್ತಿ ಅವರೆಕಾಯಿ ಸೊಗಡು!’ ಅಂದಳು. ಹೌದು, ಅಲ್ಲಿಂದ ಮುಂದೆ ಕೈ ತೊಳೆದು ಬರುವಷ್ಟು ಪುರುಸೊತ್ತು ಆ ಕಥೆ ನನಗೆ ಕೊಟ್ಟಿರಲಿಲ್ಲ.